ಮದುಮಗನ ಉಪವಾಸ

ಮಾರ್ಚ್ ೩, ಮಂಗಳವಾರ

ಅಣ್ಣನ ಹೊಟ್ಟೆ ಉರಿಸುವ ದಾರಿ ಕೊನೆಗೂ ಸಿಕ್ಕಿತು. ಅದು ನನ್ನ ಬಟ್ಟೆ ಒಗೆಯುವ ಕೋಣೆಯಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಮೊದಲು ಸಿಟ್ಟನ್ನು ಬರೆದು ಮುಗಿಸುತ್ತೇನೆ. ಅಮ್ಮ ನನ್ನ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಕನ್ನಡಕದಂಗಡಿಯಲ್ಲಿ ಯಾರದೋ ಮೂಗಿಗೆ ಫ್ರೇಮು ಕೂರಿಸುತ್ತಿದ್ದೆ. ಮಹಡಿಯಿಂದ ಇಳಿದು ಬಂದು ಎತ್ತಿದವನು ಅಣ್ಣ. ಎತ್ತಿದ, ಒಳ್ಳೆಯದಾಯಿತು. ಆದರೆ ಆಸ್ಪತ್ರೆಯಿಂದ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಮ್ಮನನ್ನು ಕುರ್ಚಿ ಸಮೇತ ನೇರ ಮಹಡಿಯ ತನ್ನ ಮನೆಗೇ ಹೊತ್ತುಕೊಂಡು ಹೋದ. ನಾನು ಹಿಂದೆಯೇ ಓಡಿದರೆ ಮೆಟ್ಟಿಲ ಮೇಲೆ ಅಡ್ಡ ನಿಂತ. "ನಿನ್ನ ಕೈಲಿ ಹುಳ ಸಾಕೋದಕ್ಕೆ ಮಾತ್ರ ಆಗೋದು. ಅಮ್ಮನ್ನ ನಾನು ನೋಡ್ಕೋತೀನಿ" ಅಂದ. ಅತ್ತಿಗೆ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. "ಹಾಗಾದ್ರೆ ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು" ಅಂದುಬಿಟ್ಟೆ. ಅವನು ಒಳಮೆಟ್ಟಿಲ ಬಾಗಿಲಿಗೆ ಅತ್ತ ಕಡೆಯಿಂದ ಚಿಲಕ ಹಾಕಿದ. ನಾನು ಇತ್ತ ಕಡೆಯಿಂದ ಬಟ್ಟೆಯ ಬೀರು ತಳ್ಳಿದೆ. ಬೀರು ತಳ್ಳಿ ಬೆನ್ನು ಹಿಡಿದುಕೊಂಡಿತು. ಅದೂ ಅವನ ಲೆಕ್ಕಕ್ಕೇ.

ಅವನು ಹುಳ ಅಂದದ್ದು ಯಾವುದಕ್ಕೆ ಎಂದರೆ, ಅವನೇ ತಂದು ನನ್ನ ಕೊರಳಿಗೆ ಕಟ್ಟಿದ ಹುಳಕ್ಕೆ. ಮೇಲೆ ಅವನ ನಡುಮನೆಯಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇದೆ. ಅದರ ನೀರು ನೆಲ ಕೊರೆದು ಹಾಕಿದ ಪೈಪಿನಲ್ಲಿ ಇಳಿದು ನನ್ನ ಒಗೆಯುವ ಕೋಣೆಯ ಚಿಕ್ಕ ತೊಟ್ಟಿಗೆ ಬೀಳುತ್ತದೆ. ಬಟ್ಟೆಚೀಲದಲ್ಲಿ ಸೋಸಿಕೊಂಡು, ಕೆಸರು ಪಾಚಿಯ ನಡುವೆ ಸುತ್ತಾಡಿ, ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಕೆಳಗಿನ ತೊಟ್ಟಿಗೆ ಅಣ್ಣ ರೆಫ್ಯೂಜಿಯಂ ಅನ್ನುತ್ತಾನೆ. ಮೀನಿನ ಬಾಯಿಗೆ ಸಿಗದೆ ಪುಟ್ಟ ಜೀವಗಳು ಮರಿಮಕ್ಕಳ ಜೊತೆ ನೆಮ್ಮದಿಯಾಗಿರಲಿ ಎಂದು ಮಾಡಿದ ಜಾಗ ಅದು. ಕೋಪೆಪಾಡ್, ಆಂಫಿಪಾಡ್ ಎಂದು ಅವುಗಳ ಹೆಸರು. ಸಿಗಡಿಯ ದೂರದ ನೆಂಟರು, ದೊಡ್ಡದೆಂದರೆ ಒಂದು ಅಕ್ಕಿಕಾಳು, ಚಿಕ್ಕವಕ್ಕೆ ಭೂತಗನ್ನಡಿ ಬೇಕು. ಅಮ್ಮ ಅವಕ್ಕೆ ಧೂಳುಮರಿ ಎಂದು ಹೆಸರಿಟ್ಟಿದ್ದಳು. ಮೇಲಿನ ತೊಟ್ಟಿ ನೋಡಲು ಜನ ಬರುತ್ತಾರೆ. ಕೆಳಗಿನದರ ಪಾಚಿ ಕತ್ತರಿಸುವವಳು, ಚೀಲ ತೊಳೆಯುವವಳು ನಾನು.

ಅಣ್ಣನ ಕಣ್ಮಣಿ ಒಂದು ಮ್ಯಾಂಡರಿನ್ ಮೀನು. ನೀಲಿ ಮೈ, ಅದರ ಮೇಲೆಲ್ಲ ಕಿತ್ತಳೆ ಸುರುಳಿ. ಅವನು ಅದನ್ನು ‘ಮದುಮಗ’ ಅನ್ನುತ್ತಾನೆ. ಈ ಮದುಮಗ ಅಂಗಡಿಯ ಕಾಳನ್ನು ಮೂಸಿಯೂ ನೋಡುವುದಿಲ್ಲ. ಜೀವಂತ ಧೂಳುಮರಿಯೇ ಆಗಬೇಕು, ಅದೂ ದಿನವಿಡೀ. ಅವು ಹುಟ್ಟುವುದು ಎಲ್ಲಿ? ನನ್ನ ಕೋಣೆಯಲ್ಲಿ. ಮುಂದಿನ ತಿಂಗಳ ಮೊದಲ ಭಾನುವಾರ ಮೀನು ಸಾಕುವವರ ಸಂಘದವರು ಅಣ್ಣನ ತೊಟ್ಟಿ ನೋಡಿ ಬಹುಮಾನ ತೀರ್ಮಾನಿಸಲು ಬರುತ್ತಾರೆ.

ಮನೆ ಪಾಲಾಯಿತು, ಮಾತು ಪಾಲಾಯಿತು, ಅಮ್ಮ ಅವನ ಪಾಲಾದಳು. ಪೈಪು ಮಾತ್ರ ಪಾಲಾಗಿಲ್ಲ.


ಮಾರ್ಚ್ ೪, ಬುಧವಾರ

ಮಾಡಿಬಿಟ್ಟೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪಂಪು ನಿಲ್ಲಿಸಿದರೆ ಅಣ್ಣನಿಗೆ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ಪಂಪಿನ ಬಾಯಿಗೆ ಕಾಲುಚೀಲ ತೊಡಿಸಿದೆ. ಅಮ್ಮನ ಕಾಲಿನ ಉಬ್ಬಿದ ನರಕ್ಕೆ ಡಾಕ್ಟರು ಕೊಡಿಸಿದ್ದ ಉದ್ದನೆಯ ಬಿಗಿ ಕಾಲುಚೀಲ. ಒಂದು ಅಮ್ಮನ ಜೊತೆ ಮೇಲೆ ಹೋಗಿದೆ, ಇನ್ನೊಂದು ಒಗೆಯುವ ಬುಟ್ಟಿಯಲ್ಲೇ ಉಳಿದಿತ್ತು. ನೇಯ್ಗೆ ಎಷ್ಟು ಒತ್ತು ಎಂದರೆ ನೀರು ಹೋಗುತ್ತದೆ, ಧೂಳುಮರಿ ಹೋಗುವುದಿಲ್ಲ. ಪಂಪು ಸ್ವಲ್ಪ ಹೊತ್ತು ಗುರ್ ಎಂದಿತು, ಆಮೇಲೆ ಒಗ್ಗಿಕೊಂಡಿತು.

ಚೀಲ ತೊಳೆಯುತ್ತಿದ್ದಾಗ ಪೈಪಿನೊಳಗಿಂದ ಟಿಣ್ ಟಿಣ್ ಎಂದು ಕೇಳಿಸಿತು. ಅಮ್ಮ ಕೈಬಳೆಯಿಂದ ಮೇಲಿನ ಗಾಜು ತಟ್ಟುತ್ತಿದ್ದಾಳೆ. ಕೆಳಗಿದ್ದಾಗ ನನ್ನ ತೊಟ್ಟಿಯನ್ನೂ ಹೀಗೇ ತಟ್ಟಿ, ಧೂಳುಮರಿ ಚೆಲ್ಲಾಪಿಲ್ಲಿ ಆಗುವುದನ್ನು ನೋಡಿ ನಗುತ್ತಿದ್ದಳು. ಮಣಿಕಟ್ಟಿನ ನೋವಿಗೆಂದು ನಾನೇ ಕೊಡಿಸಿದ ಬಳೆ ಅದು. ಅಮ್ಮನ ಕೈ ದಪ್ಪ, ಸೋಪು ಹಚ್ಚಿ ಹತ್ತಿಸಬೇಕಾಯಿತು. ಅದು ಕೂತ ಜಾಗದಲ್ಲಿ ಚರ್ಮ ಸದಾ ಹಸಿರಾಗಿರುತ್ತಿತ್ತು. ಫೋನಿನಲ್ಲಿ ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಸದ್ಯಕ್ಕೆ ಇರುವುದು ಇಷ್ಟೇ ಸದ್ದು.

ನಾನು ಪೈಪಿಗೆ ಚಮಚದಿಂದ ತಟ್ಟಿದೆ. ಕೇಳಿಸಿತೋ ಇಲ್ಲವೋ.


ಮಾರ್ಚ್ ೯, ಸೋಮವಾರ

ಮೇಲಿನವರಿಗೆ ಉಪವಾಸ, ಕೆಳಗಿನವರಿಗೆ ಔತಣ. ಹೊರಗೆ ಹೋಗುವ ದಾರಿ ಮುಚ್ಚಿದ ಮೇಲೆ ಧೂಳುಮರಿಗಳು ಎಷ್ಟು ಹೆಚ್ಚಿವೆ ಎಂದರೆ ಗಾಜೇ ನವಿರೆದ್ದಂತೆ ಕಾಣುತ್ತದೆ. ಅಂಗಡಿಯಿಂದ ಭೂತಗನ್ನಡಿ ತಂದು ನೋಡಿದೆ. ಹೆಣ್ಣುಗಳು ಬಾಲದ ಎರಡೂ ಕಡೆ ಮೊಟ್ಟೆಯ ಗಂಟು ಕಟ್ಟಿಕೊಂಡು, ಎರಡು ಕೈಯಲ್ಲೂ ಚೀಲ ಹಿಡಿದು ಸಂತೆಯಿಂದ ಬರುವವರ ಹಾಗೆ ಹೋಗುತ್ತವೆ. ನಡುವೆ ನಿಂತು ಸುಧಾರಿಸಿಕೊಳ್ಳುತ್ತವೆ, ಮತ್ತೆ ನೆಗೆಯುತ್ತವೆ. ಇಂಥವನ್ನು ಹುಳ ಅಂದವನ ಕಣ್ಣಿಗೆ ನಮ್ಮ ಅಂಗಡಿಯಲ್ಲೇ ಕನ್ನಡಕ ಮಾಡಿಕೊಡಬೇಕು, ನಂಬರು ತಪ್ಪಿಸಿ.

ಒಂದು ಜಾಮಿನ ಬಾಟಲಿಯಲ್ಲಿ ಒಂದಿಷ್ಟು ಧೂಳುಮರಿ, ಒಂದು ಎಳೆ ಪಾಚಿ ಹಾಕಿ ಅಂಗಡಿಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಗಿರಾಕಿಗಳಿಗೆ ಹತ್ತಿರದ ದೃಷ್ಟಿ ಪರೀಕ್ಷಿಸಲು ಅಕ್ಷರದ ಹಲಗೆಗಿಂತ ಇದೇ ವಾಸಿ. ಕಂಡರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, "ಅಯ್ಯೋ, ಓಡ್ತಾ ಇದೆ."


ಮಾರ್ಚ್ ೧೫, ಭಾನುವಾರ

ಬಂದ. ನನಗೆ ಗೊತ್ತಿತ್ತು, ಬರುತ್ತಾನೆ ಎಂದು.

ಹೊರಮೆಟ್ಟಿಲಿಂದ ಇಳಿದು ಬಂದು ಮುಂಬಾಗಿಲಲ್ಲೇ ನಿಂತ. ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳಿದ. "ಕೆಳಗೆ ಎಲ್ಲ ಸರಿ ಇದೆಯಾ? ಮದುಮಗ ಸೊರಗಿದಾನೆ. ಹೊಟ್ಟೆ ಒಳಕ್ಕೆ ಹೋಗಿದೆ."

"ಬಂದು ನೋಡ್ಕೋ" ಅಂದೆ.

ನೋಡಿದ. ಗಾಜಿನ ಮೇಲೆ ಧೂಳುಮರಿ ಕಿಕ್ಕಿರಿದಿತ್ತು. ಪಾಚಿಯ ಹಿಂದೆ ಮುಳುಗಿದ್ದ ಪಂಪಿನ ಕಡೆ ಅವನ ಕಣ್ಣು ಹೋಗಲೇ ಇಲ್ಲ. "ಇಷ್ಟೊಂದು ಇದ್ದೂ ಯಾಕೆ..." ಎಂದು ತಲೆ ಕೆರೆದುಕೊಂಡ.

"ಹುಳ ಸಾಕೋದರಲ್ಲಿ ನಂದು ಎತ್ತಿದ ಕೈ. ನೀನೇ ಹೇಳಿದ್ಯಲ್ಲ" ಅಂದೆ.

ಅವನ ಕಿವಿ ಕೆಂಪಾಯಿತು. ಹೊರಡುವಾಗ ತಡೆಯಲಾರದೆ ಕೇಳಿದೆ, "ಅಮ್ಮ ಹೇಗಿದಾಳೆ?"

"ಚೆನ್ನಾಗಿದಾಳೆ. ಮೀನು ನೋಡ್ತಾ ಕೂತಿರ್ತಾಳೆ. ಕೊಟ್ಟಿದ್ದೆಲ್ಲ ತಿಂತಾಳೆ, ತಟ್ಟೆಯಲ್ಲಿ ಒಂದು ಅಗುಳೂ ಬಿಡಲ್ಲ."

ನನ್ನ ಕೈಯಡುಗೆಯನ್ನು ಅರ್ಧ ಬಿಡುತ್ತಿದ್ದ ಅಮ್ಮ ಅಲ್ಲಿ ಒಂದು ಅಗುಳೂ ಬಿಡುವುದಿಲ್ಲವಂತೆ. ಸರಿ, ತಿನ್ನಲಿ. ಅತ್ತಿಗೆಯ ಕೈರುಚಿ ದೊಡ್ಡದು. ನನಗೇನು?

ಮದುಮಗ ಸೊರಗಿದ್ದಾನೆ. ಈ ವಾಕ್ಯವನ್ನು ಇನ್ನೊಮ್ಮೆ ಬರೆಯಬೇಕು ಅನ್ನಿಸುತ್ತಿದೆ. ಮದುಮಗ ಸೊರಗಿದ್ದಾನೆ.


ಮಾರ್ಚ್ ೧೮, ಬುಧವಾರ

ಸೋಸುವ ಚೀಲದಲ್ಲಿ ಬ್ರೆಡ್ಡಿನ ಚೂರು, ಉಬ್ಬಿದ ಅನ್ನದ ಅಗುಳು. ಅತ್ತಿಗೆ ತಟ್ಟೆ ತೊಳೆದ ನೀರನ್ನೂ ಮೀನಿನ ತೊಟ್ಟಿಗೇ ಸುರಿಯುತ್ತಿದ್ದಾಳೆ ಅಂತ ಕಾಣುತ್ತದೆ. ಅಲ್ಲಿ ಬಿದ್ದದ್ದೆಲ್ಲ ಇಲ್ಲಿಗೆ ಬರುತ್ತದೆ. ಪೈಪಿನ ಸದ್ದಿಗೆ ತನ್ನ ನಿದ್ದೆ ಕೆಡಬಾರದೆಂದು ಅಣ್ಣ ಮೊಣಕೈ ಗಾತ್ರದ ಅಗಲ ಪೈಪು ಹಾಕಿಸಿದ, ಬಾಯಿಗೆ ಜಾಲರಿ ಹಾಕಿಸಲಿಲ್ಲ. ಹೋದ ವರ್ಷ ಅವನ ಹಲ್ಲುಜ್ಜುವ ಬ್ರಷ್ಷೇ ಬಂದಿತ್ತು. ತೊಳೆಯಲು ನಾನಿದ್ದೇನಲ್ಲ, ಕೆಳಗಿನ ಮನೆಯ ಕೆಲಸದವಳು.


ಮಾರ್ಚ್ ೨೨, ಭಾನುವಾರ

ಟಿಣ್ ಟಿಣ್ ನಿಂತುಹೋಗಿದೆ. ಮೊನ್ನೆ ಕೇಳಲಿಲ್ಲ, ನಿನ್ನೆ ಕೇಳಲಿಲ್ಲ. ಇವತ್ತು ರಜೆ. ಚೀಲ ಮತ್ತೆ ಮತ್ತೆ ತೊಳೆಯುವ ನೆಪದಲ್ಲಿ ಪೈಪಿನ ಹತ್ತಿರವೇ ಕೂತಿದ್ದೆ. ಇಲ್ಲ.

ಅಮ್ಮ ತಟ್ಟುವುದು ನನಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಾಗಿರಬೇಕು. ಅಮ್ಮನ ಕುರ್ಚಿಯನ್ನು ಗಾಜಿನಿಂದ ದೂರ ಸರಿಸಿದ್ದಾರೆ. ಇಷ್ಟು ಸಣ್ಣ ಬುದ್ಧಿ ಅಣ್ಣನಿಗೆ ಎಲ್ಲಿಂದ ಬಂತು? ಒಂದು ಸದ್ದು ಉಳಿದಿತ್ತು, ಅದನ್ನೂ ಕಿತ್ತುಕೊಂಡ. ಮೇಲೆ ಹೋಗಿ ಬಾಗಿಲು ಬಡಿಯೋಣ ಎಂದು ಚಪ್ಪಲಿ ಮೆಟ್ಟಿದೆ. ಹೊಸ್ತಿಲು ತುಳಿಯುವುದಿಲ್ಲ ಎಂದ ಮಾತು ನೆನಪಾಗಿ ಬಿಚ್ಚಿದೆ. ಆಡಿದ ಮಾತಿಗೆ ತಪ್ಪಿದರೆ ಅವನು ಗೆದ್ದಂತೆ.

ಮದುಮಗ ಬೇಗ ಸಾಯಲಿ. ಸಂಘದವರು ಬರುವ ದಿನ ಹೊಟ್ಟೆ ಮೇಲೆ ಮಾಡಿ ತೇಲಲಿ.


ಮಾರ್ಚ್ ೨೮, ಶನಿವಾರ

ನನ್ನ ಧೂಳುಮರಿಗಳೆಲ್ಲ ಸತ್ತಿವೆ.

ಬೆಳಿಗ್ಗೆ ಗಾಜು ತಟ್ಟಿದೆ. ಒಂದೂ ಅಲುಗಲಿಲ್ಲ. ಕೆಸರಿನ ಮೇಲೆ ಬಿಳಿ ಪುಡಿಯ ಹಾಗೆ ಬಿದ್ದಿವೆ. ಭೂತಗನ್ನಡಿಯಲ್ಲಿ ನೋಡಿದರೆ ಮೊಟ್ಟೆಯ ಚೀಲಗಳು ಹಾಗೇ ಇವೆ, ಹೊತ್ತವಳು ಇಲ್ಲ. ನೆಲದ ಮೇಲೆ ಕೂತು ಅತ್ತೆ. ಅತ್ತೆ ಎಂದು ಬರೆಯಲು ನಾಚಿಕೆಯಿಲ್ಲ. ಅಮ್ಮನನ್ನು ಹೊತ್ತೊಯ್ದಾಗಲೂ ಇಷ್ಟು ಅತ್ತಿರಲಿಲ್ಲ.

ಮೀನಂಗಡಿಯವನ ಹತ್ತಿರ ನೀರು ತೆಗೆದುಕೊಂಡು ಹೋದೆ. ಅವನು ಕೊಳವೆಯಲ್ಲಿ ಎರಡು ಹನಿ ಮದ್ದು ಬಿಟ್ಟು ಅಲ್ಲಾಡಿಸಿದ, ಬಣ್ಣ ತಿರುಗಿತು.

"ತಾಮ್ರ ಇದೆ" ಅಂದ. "ಮೀನಿಗೆ ಚರ್ಮರೋಗ ಬಂದ್ರೆ ಹಾಕ್ತಾರಲ್ಲ, ಆ ಔಷಧಿ ಯಾರಾದ್ರೂ ಹಾಕಿದ್ರಾ? ಮೀನು ತಡ್ಕೊಳ್ಳುತ್ತೆ. ಆದರೆ ಈ ಸಣ್ಣವಕ್ಕೆ ತಾಮ್ರ ಅಂದ್ರೆ ವಿಷ."

ಮೀನಿನ ಔಷಧಿ ಇರುವುದು ಯಾರ ಕಪಾಟಿನಲ್ಲಿ? ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅಣ್ಣ. ಇನ್ನು ನೋಡು.


ಮಾರ್ಚ್ ೨೯, ಭಾನುವಾರ

ನಾನು ಹೋಗುವ ಮೊದಲೇ ಅವನೇ ಬಂದ. ಇವತ್ತು ಬಾಗಿಲ ಚೌಕಟ್ಟಿಗಲ್ಲ, ನನ್ನ ಮುಖಕ್ಕೇ ಹೇಳಿದ. "ನೀರಿಗೆ ಏನು ಹಾಕಿದೆ? ನನ್ನ ಬಸವನಹುಳ ಎಲ್ಲಾ ಗಾಜಿಂದ ಕಳಚಿ ಬಿದ್ದಿವೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡನಂತೆ. ನಾನಿನ್ನೂ ಕೇಳೇ ಇಲ್ಲ, ನೀನೇ ಬಂದೆ. ತಾಮ್ರದ ಔಷಧಿ ಹಾಕಿದ್ದು ನೀನು."

"ನನ್ನ ತೊಟ್ಟಿಗೆ ನಾನೇ ವಿಷ ಹಾಕ್ಕೋತೀನಾ? ಮುಂದಿನ ವಾರ ಸಂಘದವರು ಬರ್ತಿದಾರೆ."

"ನನ್ನ ಹುಳ ಸಾಯ್ಲಿ ಅಂತ ಹಾಕಿದೀಯ. ಅಮ್ಮನ್ನ ಗಾಜಿನ ಹತ್ತಿರ ಕೂರಿಸೋದೂ ಬಿಟ್ಟಿದೀಯ."

"ಯಾರು ಹೇಳಿದ್ದು? ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ ಕೂತಿರ್ತಾಳೆ."

ಸುಳ್ಳ. ಅಲ್ಲೇ ಕೂತಿದ್ದರೆ ತಟ್ಟುತ್ತಿರಲಿಲ್ಲವೇ? "ಅಮ್ಮ ಸತ್ತರೂ ನನಗೆ ಹೇಳಿ ಕಳಿಸಬೇಡ" ಅಂದೆ. ಯಾಕೆ ಹಾಗಂದೆನೋ, ಬಾಯಿಗೆ ಬಂತು. ಅವನು ಒಂದು ಹೆಜ್ಜೆ ಹಿಂದೆ ಸರಿದು ಹೊರಟುಹೋದ.


ಏಪ್ರಿಲ್ ೨, ಗುರುವಾರ

ಗರಗಸ ತಂದೆ. ಅಂಗಡಿಯವನು "ಕಬ್ಬಿಣಕ್ಕೋ ಪ್ಲಾಸ್ಟಿಕ್ಕಿಗೋ" ಎಂದು ಕೇಳಿದ. ಸಂಬಂಧಕ್ಕೆ ಅನ್ನಬೇಕೆಂದಿದ್ದೆ. ಪ್ಲಾಸ್ಟಿಕ್ಕಿಗೆ ಅಂದೆ.


ಏಪ್ರಿಲ್ ೫, ಭಾನುವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಹೊರಮೆಟ್ಟಿಲಲ್ಲಿ ಬೂಟುಗಳ ಸದ್ದು ಕೇಳಿತು. ಸಂಘದವರು ಬಂದರು, ಅತ್ತಿಗೆಯ ಉಪಚಾರದ ದನಿಯೂ ಕೇಳಿತು. ಪಂಪಿನ ಪ್ಲಗ್ ಕಿತ್ತೆ. ಪ್ಲಗ್ ಮಾತ್ರ ಕಿತ್ತರೆ ಮತ್ತೆ ಹಾಕಬಹುದು, ಕೊಯ್ದದ್ದು ಮಾತ್ರ ಕೊಯ್ದಂತೆ. ಬಕೀಟು ಕೆಳಗಿಟ್ಟು, ಸ್ಟೂಲು ಹತ್ತಿ, ಪೈಪು ಬಾಗುವ ಜಾಗದಲ್ಲಿ ಗರಗಸ ಆಡಿಸಿದೆ. ಒಂದೊಂದು ಎಳೆತಕ್ಕೂ ಒಂದೊಂದು ಬೈಗುಳ. ಬೈಗುಳ ಮುಗಿಯುವ ಮೊದಲೇ ಪೈಪು ಮುಗಿಯಿತು. ಬಾಗಿದ ತುಂಡು ಕಳಚಿ ಬಕೀಟಿಗೆ ಬಿತ್ತು, ಅದರೊಳಗಿಂದ ಏನೋ ಟಿಣ್ ಎಂದಿತು.

ಕೈ ಹಾಕಿ ತೆಗೆದೆ. ಬಳೆ. ಮೈಯೆಲ್ಲ ಹಸಿರು ಕಿಲುಬು. ಅಮ್ಮನ ತಾಮ್ರದ ಬಳೆ.

ಮೊದಲು ಹೊಳೆದದ್ದು ಇದೇ ವಿಷ ಎಂದು. ಔಷಧಿಯೂ ಇಲ್ಲ, ಏನೂ ಇಲ್ಲ, ಇದೇ ಉಪ್ಪುನೀರಿನಲ್ಲಿ ಕರಗುತ್ತಿತ್ತು. ಆಮೇಲೆ ಸುಮ್ಮನೆ ನನ್ನ ಕೈಗೆ ಹಾಕಿಕೊಳ್ಳಲು ನೋಡಿದೆ. ಹೆಬ್ಬೆರಳ ಗಂಟಿನ ಹತ್ತಿರ ನಿಂತುಬಿಟ್ಟಿತು. ನನ್ನ ಕೈ ಅಮ್ಮನ ಕೈಗಿಂತ ತೆಳ್ಳಗಿನದು, ಯಾವಾಗಲೂ. ಸೋಪು ಹಚ್ಚಿ ತೊಡಿಸಿದ ಬಳೆ ತಾನಾಗಿ ಜಾರಿ ಬೀಳಬೇಕಾದರೆ ಆ ಕೈ ಏನಾಗಿರಬೇಕು?

ಶಪಥ ಗಿಪಥ ನೆನಪಾಗಲಿಲ್ಲ. ಹೊಸ್ತಿಲು ದಾಟಿದ್ದೂ ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಬಳೆ, ಮೊಣಕಾಲವರೆಗೆ ಒದ್ದೆ. ಸಂಘದವರು ದಾರಿ ಬಿಟ್ಟರು. ಒಬ್ಬ ಕ್ಯಾಮರಾವನ್ನು ಎದೆಗೊತ್ತಿಕೊಂಡ. "ಏನೇ ಇದು?" ಎಂದು ಅಣ್ಣ ಅಡ್ಡ ಬಂದ, ಗರಗಸ ನೋಡಿ ನಿಂತ.

ಅಮ್ಮ ಗಾಜಿನ ಪಕ್ಕದಲ್ಲೇ ಇದ್ದಳು. ಅವನು ಸುಳ್ಳು ಹೇಳಿರಲಿಲ್ಲ. ದಪ್ಪ ಶಾಲು ಹೊದ್ದಿದ್ದಳು, ಹೊರಗೆ ಕಾಣುತ್ತಿದ್ದದ್ದು ಮುಖ ಮಾತ್ರ.

"ಬಂದ್ಯಾ" ಅಂದಳು. "ಬಳೆ ಸಿಕ್ತಾ? ಕೆಳಗೆ ನಿನಗೇ ಸಿಗುತ್ತೆ, ತಗೊಂಡು ಬರ್ತೀಯ ಅಂತ ಕಾಯ್ತಾ ಇದ್ದೆ."

ಕಿವಿಯ ಹತ್ತಿರ ಬಾಗಿ ಕೇಳಿದೆ, "ಬಿದ್ದದ್ದನ್ನ ಹೇಳೋದಲ್ವಾ?"

"ಯಾರಿಗೆ ಹೇಳ್ಲಿ? ನಿನ್ನ ಹೆಸರೆತ್ತಿದ್ರೆ ಇವನು ಎದ್ದು ಹೋಗ್ತಾನೆ. ನೀನು ಮೇಲೆ ಬರಲ್ಲ."

ಶಾಲು ಸರಿಸಿ ಕೈ ತೆಗೆದು ನೋಡಿದೆ. ಮಣಿಕಟ್ಟಿನಲ್ಲಿ ಹಸಿರು ಗೆರೆ ಇನ್ನೂ ಇತ್ತು, ಅದರ ಕೆಳಗೆ ಬರೀ ಮೂಳೆ. ಬಳೆ ಹಾಕಿದೆ. ಸೋಪಿಲ್ಲದೆ ಹೋಯಿತು, ಮೊಣಕೈವರೆಗೂ ಹೋಯಿತು.

"ತಟ್ಟೆ ದಿನಾ ಖಾಲಿ ಬರ್ತಿತ್ತು" ಎಂದಳು ಅತ್ತಿಗೆ, ಬಾಯಿಗೆ ಸೆರಗು ಒತ್ತಿಕೊಂಡು. "ನಾನೇ ತೊಳೀತಿದ್ದೆ. ಖಾಲಿ ಬರ್ತಿತ್ತು."

ನಾನು ಅದನ್ನೇ ಅಮ್ಮನ ಕಿವಿಯಲ್ಲಿ ಕೂಗಿದೆ. "ಅವನಿಗೆ ಹಾಕ್ತಿದ್ದೆ" ಅಂದಳು ಅಮ್ಮ, ಗಾಜಿನತ್ತ ತೋರಿಸಿ. ಕಲ್ಲಿನ ಸಂದಿಯಲ್ಲಿ ಮದುಮಗ ಕೂತಿದ್ದ. ಬಣ್ಣವಿತ್ತು, ಹೊಟ್ಟೆ ಇರಲಿಲ್ಲ. "ಕಣ್ಣೆದುರಿಗೇ ಸೊರಗ್ತಾ ಇದ್ದ. ನಂಗಂತೂ ನೀವಿಬ್ರೂ ಮಾತು ಬಿಟ್ಟಾಗಿಂದ ತುತ್ತು ಗಂಟಲಲ್ಲಿ ಇಳೀತಿರಲಿಲ್ಲ. ಅವನಾದ್ರೂ ತಿನ್ಲಿ ಅಂತ ನನ್ನ ತಟ್ಟೆಯಿಂದ ಕೈಯಾರೆ ಹಾಕ್ತಿದ್ದೆ. ಅವನೂ ಮುಟ್ಟಲಿಲ್ಲ. ಹಾಕ್ತಾ ಹಾಕ್ತಾನೇ ಬಳೆ ಜಾರಿ ಪೈಪಿನ ಬಾಯಿಗೆ ಹೋಯ್ತು."

ಅಣ್ಣ ಮೊಣಕಾಲೂರಿ ಅಮ್ಮನ ಆ ಕೈ ಹಿಡಿದುಕೊಂಡ. ಅವನ ಮುಖ ಬಿಳಿಚಿಕೊಂಡಿತು. ಇದೇ ಮುಖ ನೋಡಬೇಕೆಂದು ಒಂದು ತಿಂಗಳು ಕಾದವಳು ನಾನು. ಸಂಘದವರ ಎದುರಿಗೇ ಸಿಕ್ಕಿತು. ಸಿಕ್ಕಿದಾಗ ಅದರಲ್ಲಿ ಏನೂ ರುಚಿ ಇರಲಿಲ್ಲ.

ಕಾಲುಚೀಲ ಕಟ್ಟಿದವಳು ನಾನು. ಅದರಿಂದ ಮದುಮಗ ಸೊರಗಿದ. ಮದುಮಗ ಸೊರಗಿದ್ದಕ್ಕೆ ಅಮ್ಮ ತನ್ನ ತುತ್ತು ಅವನಿಗೆ ಹಾಕಲು ಹೋದಳು. ಬಳೆ ಬಿದ್ದು ನನ್ನ ಧೂಳುಮರಿ ಸತ್ತವು. ಎಲ್ಲ ಸುತ್ತಿಕೊಂಡು ನನ್ನ ಪಂಪಿಗೇ ಬಂದು ನಿಲ್ಲುತ್ತದೆ. ಇದನ್ನು ಅಲ್ಲಿ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಸಾಕು.

ಆದರೂ ಮೊದಲು ಚಿಲಕ ಹಾಕಿದವನು ಅವನೇ.


ಏಪ್ರಿಲ್ ೬, ಸೋಮವಾರ

ಬೀರು ಸರಿಸಿದೆ. ಅತ್ತ ಕಡೆಯಿಂದ ಅತ್ತಿಗೆ ಚಿಲಕ ತೆಗೆದಳು. ಬೀರುವಿನ ಇನ್ನೊಂದು ತುದಿ ಅವಳೇ ಹಿಡಿದಳು.


ಏಪ್ರಿಲ್ ೧೨, ಭಾನುವಾರ

ಬಹುಮಾನ ಇನ್ಯಾರಿಗೋ ಹೋಯಿತಂತೆ. ನನಗೆ ಸಂತೋಷವಾಗಬೇಕಿತ್ತು. ನೀರು ಬದಲಾಯಿಸುವ ಗಡಿಬಿಡಿಯಲ್ಲಿ ಸಂತೋಷಪಡಲು ಪುರುಸೊತ್ತಾಗಲಿಲ್ಲ.

ಅಣ್ಣ ಬೆಳಿಗ್ಗೆಯಿಂದ ನನ್ನ ಒಗೆಯುವ ಕೋಣೆಯಲ್ಲೇ ಇದ್ದ. ಪೈಪಿಗೆ ಹೊಸ ಬಾಗುತುಂಡು ಕೂರಿಸಿದ, ಬಾಯಿಗೆ ಜಾಲರಿಯನ್ನೂ ತಂದಿದ್ದ. ಅಂಗಡಿಯ ಕಿಟಕಿಯ ಜಾಮಿನ ಬಾಟಲಿಯಲ್ಲಿದ್ದ ಧೂಳುಮರಿಗಳಿಗೆ ಏನೂ ಆಗಿರಲಿಲ್ಲ. ಅದರಲ್ಲಿ ಒಂದಿಷ್ಟನ್ನು ಹನಿಗೊಳವೆಯಿಂದ ಮದುಮಗನಿಗೆ ಕೊಡುತ್ತಿದ್ದೇವೆ, ಮಿಕ್ಕವನ್ನು ನೀರು ಶುದ್ಧವಾದ ಮೇಲೆ ಇಲ್ಲಿ ಬಿಡಬೇಕು. ಅಮ್ಮನನ್ನು ಕುರ್ಚಿ ಸಮೇತ ಕೆಳಗೆ ತಂದು ಬಾಗಿಲ ಹತ್ತಿರ ಕೂರಿಸಿದ್ದೆವು. ಮಡಿಲಲ್ಲಿ ಗಂಜಿಯ ಬಟ್ಟಲು. ನನ್ನ ಕಣ್ಣು ಕೆಲಸಕ್ಕಿಂತ ಬಟ್ಟಲ ಮೇಲೇ ಇತ್ತು.

ಪಂಪು ತೊಳೆಯೋಣ ಎಂದು ಅಣ್ಣ ಕೈ ಹಾಕಿ ಎತ್ತಿದ. ನನಗೆ ಆಗ ನೆನಪಾಯಿತು. ಎಲ್ಲ ನೆನಪಿಟ್ಟುಕೊಂಡವಳು ಅದೊಂದನ್ನು ಬಿಚ್ಚಲು ಮರೆತಿದ್ದೆ. ಪಂಪಿನ ಜೊತೆ ಉದ್ದನೆಯ ಕಾಲುಚೀಲ ಜೋತಾಡುತ್ತಾ ಮೇಲೆ ಬಂತು, ಬಾಯಿಗೆ ನಾನು ಬಿಗಿದ ರಬ್ಬರ್ ಬ್ಯಾಂಡು, ಮೈತುಂಬ ಸತ್ತ ಧೂಳುಮರಿಗಳ ಬಿಳಿ ಪುಡಿ.

ಅಣ್ಣ ಅದನ್ನು ನೋಡಿದ. ಮೇಲೆ ಹೋಗುವ ಪೈಪನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನು ದಡ್ಡನಲ್ಲ.

"ಇದು ಯಾರದು?" ಅಂದ.



"ನಂದು" ಅಂದಳು ಅಮ್ಮ. ಫೋನು ಕೇಳಿಸದ, ಕಿವಿಯಲ್ಲಿ ಕೂಗಿದರೆ ಮಾತ್ರ ಕೇಳುವ ಅಮ್ಮ. "ಎಲ್ಲಿಟ್ಟಿದ್ದೆ ಅಂತ ಹುಡುಕ್ತಾ ಇದ್ದೆ. ತೊಳೆದು ಕೊಡು, ಕಾಲಿಗೆ ಹಾಕ್ಕೋಬೇಕು."

ಅಣ್ಣ ನಲ್ಲಿ ತಿರುಗಿಸಿ ತಾನೇ ತೊಳೆದ, ಹಿಂಡಿದ, ತಂತಿಗೆ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು.

ಸಂಜೆ ಒಣಗಿದ ಮೇಲೆ ಅಮ್ಮನ ಕಾಲಿಗೆ ಹಾಕಲು ಕೂತೆ. ಮೊದಲೆಲ್ಲ ಇದನ್ನು ಎಳೆದು ಹತ್ತಿಸುವಾಗ ಇಬ್ಬರಿಗೂ ಬೆವರು ಬರುತ್ತಿತ್ತು. ಇವತ್ತು ಒಂದೇ ಸಲಕ್ಕೆ ತೊಡೆಯವರೆಗೆ ಹೋಯಿತು, ಕೈಬಿಟ್ಟ ಕೂಡಲೇ ಜಾರಿ ಪಾದದ ಮೇಲೆ ಮುದ್ದೆಯಾಗಿ ಬಿತ್ತು. ಮತ್ತೆ ಏರಿಸಿದೆ. ಮತ್ತೆ ಬಿತ್ತು. ನಾನು ಎದ್ದು ಹೋಗಿ ಸೂಜಿದಾರ ತಂದೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಅಣ್ಣ ಪೋಣಿಸಿಕೊಟ್ಟ. ಚೀಲದ ಎರಡೂ ಬದಿ ಹಿಡಿದು ಒಳಗೆ ಮಡಿಸಿ ಹೊಲಿಯತೊಡಗಿದೆ.

ಅಮ್ಮ ಬಗ್ಗಿ ನೋಡುತ್ತಿದ್ದಳು. "ತುದೀಲಿ ಗಂಟು ಹಾಕ್ಬೇಡ" ಅಂದಳು. "ದಪ್ಪ ಆದ್ಮೇಲೆ ಬಿಚ್ಬೇಕಲ್ಲ."

ಗಂಟು ಹಾಕಲಿಲ್ಲ. ದಾರದ ತುದಿಯನ್ನು ಉದ್ದಕ್ಕೆ ಹಾಗೇ ಬಿಟ್ಟೆ.